ಅಪ್ಪನ ಹಲ್ಲು ಸೆಟ್: ಮೂರು ದಿನದ್ದು ಒಂದು, ಎರಡು ತಿಂಗಳದ್ದು ಇನ್ನೊಂದು

ಮೊದಲೇ ಹೇಳ್ಬಿಡ್ತೀನಿ, ಡೆಂಟಲ್ ಕಾಲೇಜಿಗೆ ಐದಕ್ಕೆ ನಾಲ್ಕು ಸ್ಟಾರು, ಅದಕ್ಕೂ ಮುಂಚೆ ಹೋಗಿದ್ದ ಪ್ರೈವೇಟ್ ಕ್ಲಿನಿಕ್ಕಿಗೆ ಒಂದು, ಆ ಒಂದನ್ನೂ ಅಲ್ಲಿನ ಎಸಿಗೆ ಕೊಟ್ಟಿದ್ದು. ಎರಡರ ಹೆಸರೂ ಹಾಕಲ್ಲ, ಕಾಮೆಂಟಲ್ಲಿ ಕೇಳ್ಬೇಡಿ. ನಮ್ಮ ದಾವಣಗೆರೇಲಿ ಡೆಂಟಲ್ ಕಾಲೇಜು ಎರಡಿದಾವೆ, ಯಾವುದಕ್ಕೆ ಹೋದ್ರೂ ನಾನು ಕೆಳಗೆ ಬರೆದಿರೋ ಸ್ಟೆಪ್ಪುಗಳು ಹೆಚ್ಚುಕಮ್ಮಿ ಇವೇ ಇರ್ತವೆ, ಎಲ್ರೂ ಓದೋ ಪಾಠ ಒಂದೇ ಅಲ್ವಾ. ಸ್ವಲ್ಪ ಉದ್ದ ಆಗಿದೆ. ಮನೇಲಿ ಹಲ್ಲು ಸೆಟ್ ಮಾಡಿಸ್ಬೇಕಾದ ಹಿರಿಯರಿದ್ರೆ ಓದಿ, ಇಲ್ಲಾಂದ್ರೆ ಸ್ಕ್ರೋಲ್ ಮಾಡ್ಕೊಂಡು ಹೋಗಿ.

ಪೇಷಂಟ್ ನಮ್ಮಪ್ಪ. 71 ವರ್ಷ, ಕಂಡಕ್ಟರ್ ಆಗಿ ರಿಟೈರ್ ಆದವರು, ದಾವಣಗೆರೆ ಹುಬ್ಬಳ್ಳಿ ರೂಟಲ್ಲೇ ಅರ್ಧ ಜೀವ ಸವೆಸಿದವರು. ಎಲೆ ಅಡಿಕೆ ಅಭ್ಯಾಸ, ಮೇಲೆ ಶುಗರ್ ಬೇರೆ, ಹಲ್ಲು ಹುಳುಕಾಗಿ ಹೋಗಿದ್ದು ಕಮ್ಮಿ, ವಸಡು ಸಡಿಲಾಗಿ ಅಲ್ಲಾಡಿ ಅಲ್ಲಾಡಿ ಉದುರಿದ್ದೇ ಜಾಸ್ತಿ. ಮೇಲಿನ ಸಾಲು ನಾಲ್ಕು ವರ್ಷದ ಹಿಂದೇನೇ ಖಾಲಿ, ಕೆಳಗೆ ಮುಂದಿನ ಆರು ಮಾತ್ರ ಉಳ್ಕೊಂಡಿದ್ವು. ಅವರಿಗೇನು ಅದು ದೊಡ್ಡ ಕೊರತೆ ಅನ್ನಿಸಿರ್ಲಿಲ್ಲ, ಮುದ್ದೆ ನುಂಗೋಕೆ ಹಲ್ಲು ಬೇಡ, ಬೆಣ್ಣೆ ದೋಸೆಗೂ ಬೇಡ, ಜೋಳದ ರೊಟ್ಟಿನ ಸಾರಲ್ಲಿ ನೆನೆಹಾಕಿ ಮುಗಿಸೋರು. ಮಂಡಕ್ಕಿ ಮಾತ್ರ ಆಗ್ತಿರ್ಲಿಲ್ಲ. ಈ ಊರಲ್ಲಿದ್ದು ಸಂಜೆ ಮಂಡಕ್ಕಿ ಮಿರ್ಚಿ ತಿನ್ನೋಕಾಗಲ್ಲ ಅಂದ್ರೆ ಅದು ಎಂಥಾ ಕಷ್ಟ ಅಂತ ದಾವಣಗೆರೆಯವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ, ಫ್ರೆಂಡ್ಸ್ ಎಲ್ಲಾ ತಿಂತಾ ಕೂತಿದ್ರೆ ಇವರು ಚಹಾ ಕುಡ್ಕೊಂಡು ವಾಪಸ್ ಬರೋರು.

ತಂಗಿ ಮಗಳ ಮದುವೆ ಹತ್ರ ಬಂತು, ಫೋಟೋದಲ್ಲಿ ಬೊಚ್ಚುಬಾಯಿ ಕಾಣುತ್ತೆ ಅಂತ ಮನೇಲಿ ಎಲ್ರೂ ಶುರು ಮಾಡಿದ್ರು, ನಾನೂ ಅವಸರಕ್ಕೆ ಬಿದ್ದು ಹತ್ರದಲ್ಲೇ ಇದ್ದ ಒಂದು ಕ್ಲಿನಿಕ್ಕಿಗೆ ಕರ್ಕೊಂಡು ಹೋದೆ. ಗೋಡೆ ಮೇಲೆ ಆ ಕಡಲೆ ಹಲ್ಲಿನ ಗಾದೆನ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೆಳಗೆ "ಈಗ ಎರಡೂ ಇದೆ" ಅಂತ ಬರೆಸಿದ್ರು, ನಾನು ಅದಕ್ಕೇ ಬಿದ್ದೋದೆ ಅನ್ಸುತ್ತೆ. ಉಳಿದಿದ್ದ ಆರು ಹಲ್ಲು ಎರಡು ಸಿಟ್ಟಿಂಗಲ್ಲಿ ಕಿತ್ತರು. ಗಾಯ ಒಣಗ್ಲಿ ಅಂತ ಮೂರೇ ವಾರ ಬಿಟ್ಟು, ಒಂದು ಸೋಮವಾರ ಸ್ಟೀಲಿನ ತಟ್ಟೆ ಥರದ್ದರಲ್ಲಿ ಗುಲಾಬಿ ಹಿಟ್ಟು ಹಾಕಿ ಬಾಯಿಗೆ ಒತ್ತಿ ಅಳತೆ ತಗೊಂಡ್ರು, ಮೇಲೊಂದು ಕೆಳಗೊಂದು, ಹತ್ತು ನಿಮಿಷ. ಗುರುವಾರ ಸೆಟ್ ರೆಡಿ. 14,000 ರೂಪಾಯಿ. ಮಧ್ಯದಲ್ಲಿ ಟ್ರಯಲ್ ಅಂತ ಏನೂ ಇರ್ಲಿಲ್ಲ, ನಮಗೂ ಹಾಗೊಂದು ಇರುತ್ತೆ ಅಂತ ಗೊತ್ತಿರ್ಲಿಲ್ಲ. ಬ್ಲೌಸ್ ಹೊಲಿಸೋಕೆ ಕೊಟ್ರೇನೇ ನಮ್ಮಮ್ಮ ಎರಡು ಸಲ ಹೋಗಿ ಬರ್ತಾರೆ, ಬಾಯೊಳಗೆ ಹಾಕ್ಕೊಳ್ಳೋ ವಸ್ತುಗೆ ನಾವು ಒಂದು ಸಲನೂ ಕೇಳ್ಲಿಲ್ಲ ನೋಡಿ.

ಮದುವೆ ಫೋಟೋದಲ್ಲಿ ಅಪ್ಪ ಬಾಯಿ ತುಂಬ ಏನೋ ಇಟ್ಕೊಂಡು ಅಗಿಯದೆ ಕೂತವರ ಥರ ಕಾಣ್ತಾರೆ. ತುಟಿ ಸೇರ್ತಾನೇ ಇರ್ಲಿಲ್ಲ. ಮಾತಾಡಿದ್ರೆ ಮೇಲಿಂದು ಕೆಳಗಿಂದು ಡಿಕ್ಕಿ ಹೊಡೆದು ಟಕ್ ಟಕ್ ಅಂತ ಸೌಂಡು, ಪಕ್ಕದಲ್ಲಿ ಕೂತ ಮಕ್ಕಳು ತಿರುಗಿ ನೋಡೋವು. ಎರಡನೇ ದಿನಕ್ಕೆ ದವಡೆ ನೋವು, ಮೂರನೇ ದಿನಕ್ಕೆ ನಾಲಿಗೆ ಕೆಳಗೆ ಹುಣ್ಣು, ಕೆಳಗಿನ ಸೆಟ್ಟಂತೂ ನಾಲಿಗೆ ಆಡಿಸಿದ್ರೆ ದೋಣಿ ಥರ ತೇಲೋದು. ಕ್ಲಿನಿಕ್ಕಿಗೆ ಮೂರು ಸಲ ಹೋದ್ವಿ, ಮೂರು ಸಲನೂ ಒಂದೇ ಡೈಲಾಗು, ಅಭ್ಯಾಸ ಆಗುತ್ತೆ, ಹೊಸ ಚಪ್ಪಲಿ ಕಚ್ಚಲ್ವಾ ಹಾಗೇ. ನಾಲ್ಕನೇ ಸಲಕ್ಕೆ ಒಂದು ಅಂಟಿನ ಟ್ಯೂಬು ಕೊಟ್ಟು ಕಳಿಸಿದ್ರು. ಅಪ್ಪ ಆ ಸೆಟ್ಟನ್ನ ಟವೆಲ್ಲಲ್ಲಿ ಸುತ್ತಿ ಬೀರುವಿಗೆ ಸೇರಿಸಿ, "ಲೇ, ಹದಿನಾಲ್ಕು ಸಾವಿರದ್ದು ಗಿಲಕಿ ಕೊಡಿಸಿದೆಲ್ಲೋ" ಅಂದ್ರು. ಆಮೇಲೆ ಆರು ತಿಂಗಳು ಹಲ್ಲಿನ ಸುದ್ದಿ ಎತ್ತಂಗಿರ್ಲಿಲ್ಲ.

ಕಾಲೇಜಿಗೆ ಹೋಗಿದ್ದು ನಮ್ಮ ಆಫೀಸಿನ ಅಟೆಂಡರ್ ಹೇಳಿದ್ದಕ್ಕೆ, ಅವರ ಅತ್ತೆಗೆ ಅಲ್ಲೇ ಆಗಿತ್ತಂತೆ. ಬೆಳಿಗ್ಗೆ ಒಂಬತ್ತಕ್ಕೆ ಓಪಿಡಿ ಚೀಟಿ ಮಾಡಿಸಿ, ಒಂದು ದೊಡ್ಡ ಎಕ್ಸ್‌ರೇ, ಶುಗರ್, ಬಿಪಿ ಎಲ್ಲಾ ನೋಡಿಸಿ, ಆಮೇಲೆ ಪ್ರಾಸ್ಥೊಡಾಂಟಿಕ್ಸ್ ಡಿಪಾರ್ಟ್‌ಮೆಂಟಿಗೆ ಕಳಿಸಿದ್ರು. ನಕಲಿ ಹಲ್ಲಿಗೇ ಅಂತ ಒಂದು ಡಿಪಾರ್ಟ್‌ಮೆಂಟು, ಅದರಲ್ಲಿ ಎಂಡಿಎಸ್ ಮಾಡೋರು ಬಿಡಿಎಸ್ ಮುಗಿಸಿ ಇನ್ನೂ ಮೂರು ವರ್ಷ ಇದನ್ನೇ ಓದ್ತಾರೆ ಅಂತ ನಂಗೆ ಅವತ್ತೇ ಗೊತ್ತಾಗಿದ್ದು. ನಮಗೆ ಸಿಕ್ಕಿದ್ದು ಒಬ್ಬ ಕೇರಳದ ಹುಡುಗಿ, ಪಿಜಿ ಎರಡನೇ ವರ್ಷ. ಕನ್ನಡ ಅರ್ಧಂಬರ್ಧ, "ಅಜ್ಜ, ಬಾಯಿ ದೊಡ್ಡ ಮಾಡಿ, ನುಂಗಿ, ಮತ್ತೆ ನುಂಗಿ", ಇಷ್ಟರಲ್ಲೇ ಎಲ್ಲಾ ಮುಗಿಸ್ತಿದ್ಲು, ಆದ್ರೆ ತಾಳ್ಮೆ ಮಾತ್ರ ನಮ್ಮನೇಲಿ ಯಾರಿಗೂ ಇಲ್ಲ ಅಷ್ಟಿತ್ತು.

ಹಳೇ ಸೆಟ್ ತಂದಿದ್ದೆ, ಬಾಯಿಗೆ ಹಾಕಿಸಿ ನೋಡಿದ್ಲು, ಏನೂ ಬೈಲಿಲ್ಲ, ಒಳ್ಳೇ ಹುಡುಗಿ. ಅವಳ ಮೇಲಿನ ಮೇಡಂ ಬಂದು ಹೇಳಿದ್ರು. ಹಲ್ಲು ಕಿತ್ತ ಮೇಲೆ ಮೂಳೆ ಕರಗ್ತಾ ಹೋಗುತ್ತೆ, ಮೊದಮೊದಲ ತಿಂಗಳುಗಳಲ್ಲೇ ಜಾಸ್ತಿ, ಮೂರು ವಾರಕ್ಕೆ ಅಳತೆ ತಗೊಂಡ್ರೆ ಅದು ಬೇಗ ಸಡಿಲಾಗೇ ಆಗುತ್ತೆ, ಸಾಮಾನ್ಯವಾಗಿ ಎರಡು ಮೂರು ತಿಂಗಳು ಕಾಯ್ತೀವಿ. ಅವಸರ ಇದ್ರೆ ತಾತ್ಕಾಲಿಕದ್ದು ಅಂತ ಮೊದಲೇ ಹೇಳಿ ಮಾಡಿಕೊಡ್ತಾರಂತೆ, ಆಮೇಲೆ ಒಳಗೆ ಹೊಸ ಪದರ ಕೊಟ್ಟು ಸರಿ ಮಾಡ್ಬೇಕಾಗುತ್ತೆ. ನಮಗೆ ಯಾರೂ ಹೇಳಿರ್ಲಿಲ್ಲ. ಎರಡನೇದು, ಮೇಲಿನ ಕೆಳಗಿನ ಸೆಟ್ ಸೇರಿ ಎತ್ತರ ಜಾಸ್ತಿ ಆಗಿತ್ತು. ನಾವು ಸುಮ್ನೆ ಕೂತಾಗ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಿರಲ್ವಂತೆ, ಎರಡರಿಂದ ನಾಲ್ಕು ಮಿಲಿಮೀಟರ್ ಸಂದಿ ಇರುತ್ತೆ, ನೀವೂ ಈಗಲೇ ಬಾಯಿ ಮುಚ್ಕೊಂಡು ನೋಡಿ, ಹೌದು ತಾನೆ. ಆ ಸಂದಿನೇ ಇಲ್ದಂಗೆ ಹಲ್ಲು ಕೂರಿಸಿಬಿಟ್ರೆ ದವಡೆಗೆ ರೆಸ್ಟೇ ಇಲ್ಲ, ಅದಕ್ಕೇ ನೋವು, ಅದಕ್ಕೇ ಟಕ್ ಟಕ್. ಮೂರನೇದು, ಕೆಳಗಿನದರ ಅಂಚು ನಾಲಿಗೆ ಬುಡದ ನರದ ಥರ ಇರುತ್ತಲ್ಲ ಆ ಪಟ್ಟಿ ಮೇಲೇ ಕೂತಿತ್ತು, ಹುಣ್ಣಾಗದೆ ಇನ್ನೇನಾಗುತ್ತೆ. ಅಭ್ಯಾಸ ಆಗೋ ವಿಷ್ಯ ಒಂದೂ ಇರ್ಲಿಲ್ಲ ಅದರಲ್ಲಿ.

ಆಮೇಲೆ ಶುರುವಾಗಿದ್ದು ಮೆರವಣಿಗೆ. ಒಟ್ಟು ಎಂಟು ಸಲ ಹೋದ್ವಿ, ರಿಪೇರಿ ಉಜ್ಜಿಸೋದೆಲ್ಲಾ ಬಿಟ್ಟು. ಮೊದಲ ಅಳತೆ ಅದೇ ಗುಲಾಬಿ ಹಿಟ್ಟಲ್ಲೇ. ಆದ್ರೆ ಆ ಅಳತೆಗೆ ಸೆಟ್ ಮಾಡಲ್ಲ. ಅದರಿಂದ ಪ್ಲಾಸ್ಟರಲ್ಲಿ ಬಾಯಿ ಅಚ್ಚು ಹೊಯ್ದು, ಆ ಅಚ್ಚಿಗೆ ಸರಿಯಾಗಿ ಅಪ್ಪನ ಬಾಯಿಗೇ ಅಂತ ಒಂದು ಪ್ಲಾಸ್ಟಿಕ್ ಟ್ರೇ ಮಾಡಿ, ಎರಡನೇ ಸಲ ಆ ಟ್ರೇನಲ್ಲಿ ಅಳತೆ ತಗೋತಾರೆ. ಇದನ್ನ ನೋಡ್ಬೇಕಿತ್ತು ನೀವು. ಹಸಿರು ಬಣ್ಣದ ಕಡ್ಡಿ, ನೋಡೋಕೆ ಅರಗಿನ ಕಡ್ಡಿ ಥರ, ಅದನ್ನ ಸ್ಪಿರಿಟ್ ದೀಪದಲ್ಲಿ ಬಿಸಿ ಮಾಡಿ ಟ್ರೇ ಅಂಚಿಗೆ ಒಂದೊಂದಿಂಚು ಹಚ್ಚೋದು, ಬಿಸಿನೀರಲ್ಲಿ ಅದ್ದೋದು, ಬಾಯಿಗಿಡೋದು, ಕೆನ್ನೆ ಎಳೆಯೋದು, "ಅಜ್ಜ ಊ ಅನ್ನಿ, ಈ ಅನ್ನಿ, ನಾಲಿಗೆ ಹೊರಗೆ, ಆ ಕಡೆ, ಈ ಕಡೆ". ಕೆನ್ನೆ, ತುಟಿ, ನಾಲಿಗೆ ಎಲ್ಲಿವರೆಗೆ ಆಡುತ್ತೆ ಅನ್ನೋದನ್ನ ಆ ಮೆತ್ತನೆ ಕಡ್ಡಿ ಹಿಡ್ಕೊಳ್ಳುತ್ತೆ, ಸೆಟ್ಟಿನ ಅಂಚು ಅಲ್ಲಿಗೇ ನಿಲ್ಬೇಕು, ಕಮ್ಮಿಯಾದ್ರೆ ಗಾಳಿ ನುಗ್ಗಿ ಬೀಳುತ್ತೆ, ಜಾಸ್ತಿಯಾದ್ರೆ ಹುಣ್ಣು. ಬಾಯಿ ಸುತ್ತ ಹೀಗೆ ಮುಗಿಸೋಕೆ ಒಂದೂವರೆ ಗಂಟೆ. ಕೊನೆಗೆ ಒಂದು ಪೇಸ್ಟ್ ಹಾಕಿ ತೆಳ್ಳಗೆ ಅಳತೆ, ಅದು ಪಕ್ಕಾ ಲವಂಗದ ವಾಸನೆ, ಅದರೊಳಗೆ ಲವಂಗದ ಎಣ್ಣೆ ಸಾರವೇ ಇರುತ್ತಂತೆ. ಅಪ್ಪ "ಬೀಡಾ ಕಟ್ಟಿದಂಗಾತು, ಸುಣ್ಣ ಒಂದು ಕಮ್ಮಿ" ಅಂದ್ರು, ಪಾಪ ಆ ಹುಡುಗಿಗೆ ಅರ್ಥ ಆಗ್ಲಿಲ್ಲ.

ಮೇಡಂ ಬಂದು ನೋಡಿ ಕೆಳಗಿನ ಅಳತೆ ಎಡಗಡೆ ಹಿಂದೆ ಸರಿ ಬಂದಿಲ್ಲ ಅಂತ ಮತ್ತೆ ತಗೋ ಅಂದ್ರು. ಮತ್ತೆ ತಗೊಂಡ್ಲು. ಮತ್ತೆ ಸರಿ ಇಲ್ಲ. ಮೂರನೇ ಸಲಕ್ಕೆ ಪಾಸಾಯ್ತು, ಅಷ್ಟೊತ್ತಿಗೆ ಎರಡು ಗಂಟೆ, ಅಪ್ಪ ಶುಗರ್ ಪೇಷಂಟ್, ಊಟ ಇಲ್ಲ, ನಂಗೆ ಸಿಟ್ಟು ನೆತ್ತಿಗೇರಿತ್ತು. ಒಂದು ಸ್ಟಾರ್ ಕಟ್ ಮಾಡಿದ್ದು ಇದಕ್ಕೇ. ಸ್ಟೂಡೆಂಟ್ಸ್ ಕಲಿಯೋ ಜಾಗ, ಪ್ರತಿ ಸ್ಟೆಪ್ಪಿಗೂ ಮೇಲಿನವರ ಸೈನ್ ಬೇಕು, ಆ ಸೈನ್‌ಗೆ ನಲವತ್ತು ನಿಮಿಷ ಬಾಯಿ ತೆಕ್ಕೊಂಡು ಕಾಯ್ಬೇಕು. ಹೋಗೋರು ತಿಂಡಿ ಕಟ್ಕೊಂಡು ಹೋಗಿ, ನೀರು ತಗೊಂಡು ಹೋಗಿ, ಅವತ್ತಿಗೆ ಬೇರೆ ಕೆಲಸ ಇಟ್ಕೋಬೇಡಿ.

ಮೇಲಿನ ಸೆಟ್ ಏನೂ ಆಧಾರ ಇಲ್ದೆ ಹೆಂಗೆ ನಿಲ್ಲುತ್ತೆ ಅಂತ ನಂಗೆ ಮೊದಲಿಂದ ಡೌಟು, ಒಳಗೆ ಅಂಟು ಇರುತ್ತೆ ಅಂದ್ಕೊಂಡಿದ್ದೆ. ಕೇಳಿದ್ದಕ್ಕೆ ಹುಡುಗಿ ಎರಡು ಗಾಜಿನ ಚೂರು ಒದ್ದೆ ಮಾಡಿ ಒಂದರ ಮೇಲೊಂದು ಇಟ್ಟು ಕೊಟ್ಲು, ತೆಗೀರಿ ನೋಡೋಣ ಅಂತ. ಜಾರಿಸಬಹುದು, ಎತ್ತೋಕಾಗಲ್ಲ. ಜೊಲ್ಲಿನ ತೆಳು ಪದರ ಅದೇ ಕೆಲಸ ಮಾಡುತ್ತೆ, ಸುತ್ತ ಅಂಚಿಂದ ಗಾಳಿ ಒಳಗೆ ಹೋಗದಂಗೆ ಕೂತಿದ್ರೆ ಸಾಕು. ಅದಕ್ಕೇ ಬಾಯಿ ಒಣಗೋರಿಗೆ, ಕೆಲವು ಬಿಪಿ ಮಾತ್ರೆ ತಗೊಳ್ಳೋರಿಗೆ ಸೆಟ್ ನಿಲ್ಲೋದು ಕಷ್ಟ. ಕೆಳಗಿಂದಕ್ಕೆ ಈ ಭಾಗ್ಯ ಇಲ್ಲ. ಮೇಲೆ ಅಂಗುಳ ಪೂರ್ತಿ ಸಿಗುತ್ತೆ, ಕೆಳಗೆ ಕುದುರೆ ಲಾಳದ ಆಕಾರದ ಸಣ್ಣ ದಿಂಡು, ಜಾಗ ಮೇಲಿನದರ ಅರ್ಧದಷ್ಟು ಮಾತ್ರ, ಮಧ್ಯದಲ್ಲಿ ನಾಲಿಗೆ ಸುಮ್ನಿರಲ್ಲ. ಸಾಲದ್ದಕ್ಕೆ ವರ್ಷ ಕಳೆದಂಗೆ ಕೆಳಗಿನ ಮೂಳೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಜಾಸ್ತಿ ಸವೆಯುತ್ತಂತೆ. ಮೇಡಂ ಮುಖಕ್ಕೆ ಹೇಳಿದ್ರು, ಮೇಲಿನ ಸೆಟ್ಟಿಗೆ ನಾನು ಗ್ಯಾರಂಟಿ ಕೊಡ್ತೀನಿ, ಕೆಳಗಿನದಕ್ಕೆ ನಿಮ್ಮಪ್ಪನ ನಾಲಿಗೆ ಗ್ಯಾರಂಟಿ ಕೊಡ್ಬೇಕು. ಎಲ್ಲಾ ಡಾಕ್ಟ್ರೂ ಹಲ್ಲು ಕೀಳೋಕೆ ಮುಂಚೆನೇ ಈ ಮಾತು ಹೇಳ್ಬೇಕು ಅಂತ ನನ್ನ ಅಭಿಪ್ರಾಯ.

ಇದಕ್ಕೆ ದಾರಿ ಇದೆ, ಕೆಳಗೆ ಮುಂದೆ ಎರಡು ಇಂಪ್ಲಾಂಟ್, ಅಂದ್ರೆ ಮೂಳೆಯೊಳಗೆ ಹಾಕೋ ಸ್ಕ್ರೂ ಥರದ್ದು, ಕೂರಿಸಿ ಅದರ ಮೇಲೆ ಗುಂಡಿ ಹಾಕಿದಂಗೆ ಸೆಟ್ ಕೂರಿಸೋದು. ಕೆನಡಾದ ಮ್ಯಾಕ್‌ಗಿಲ್ ಯೂನಿವರ್ಸಿಟಿಲಿ 2002ರಲ್ಲೇ ತಜ್ಞರೆಲ್ಲ ಸೇರಿ ಹಲ್ಲಿಲ್ಲದ ಕೆಳದವಡೆಗೆ ಮೊದಲ ಆಯ್ಕೆ ಇದೇ ಆಗ್ಬೇಕು ಅಂತ ಒಮ್ಮತಕ್ಕೆ ಬಂದಿದ್ರಂತೆ. ರೇಟ್ ಕೇಳಿದ್ಮೇಲೆ ಅಪ್ಪ ತಮ್ಮ ಒಮ್ಮತಕ್ಕೆ ತಾವೇ ಬಂದ್ರು, ಬೇಡ ಅಂತ. ಶುಗರ್ ಬೇರೆ ಏರುಪೇರಿತ್ತು, ನಾವೂ ಜೋರು ಮಾಡ್ಲಿಲ್ಲ.

ಮೂರನೇ ನಾಲ್ಕನೇ ಸಿಟ್ಟಿಂಗು ಮೇಣದ ಕೆಲಸ. ಅಚ್ಚಿನ ಮೇಲೆ ಮೇಣದ ಗೋಡೆ ಕಟ್ಟಿ ಬಾಯಿಗಿಟ್ಟು, ಎತ್ತರ ಎಷ್ಟು, ತುಟಿ ಎಷ್ಟು ಉಬ್ಬಬೇಕು, ನಕ್ಕಾಗ ಹಲ್ಲು ಎಷ್ಟು ಕಾಣ್ಬೇಕು, ಎಲ್ಲಾ ಗುರುತು ಹಾಕ್ತಾರೆ. ಮೂಗಿನ ತುದಿಗೊಂದು ಗದ್ದಕ್ಕೊಂದು ಪೆನ್ನಲ್ಲಿ ಚುಕ್ಕಿ ಇಟ್ಟು, ಬಾಯಿ ಸಡಿಲ ಬಿಡಿಸಿ ಒಂದು ಅಳತೆ, ಕಚ್ಚಿಸಿ ಇನ್ನೊಂದು ಅಳತೆ, ಮೇಲೆ ಹೇಳಿದ ಆ ಎರಡು ನಾಲ್ಕು ಮಿಲಿಮೀಟರ್ ಇಲ್ಲೇ ಹಿಡಿಯೋದು. ಅಪ್ಪಂಗೆ ಬಾಯಿ ಸಡಿಲ ಬಿಡೋದೇ ಬರ್ತಿರ್ಲಿಲ್ಲ. ಕೊನೆಗೆ ಹುಡುಗಿ "ಅಜ್ಜ, ಮ್ ಮ್ ಅನ್ನಿ, ಹಾಗೇ ಬಿಡಿ" ಅಂದ್ಲು, ಬಂತು. ಕಚ್ಚಿ ಅಂದ್ರೆ ದವಡೆ ಮುಂದೆ ತರೋರು, ಹಲ್ಲಿಲ್ಲದೆ ವರ್ಷಗಟ್ಟಲೆ ಇದ್ದೋರು ಎಲ್ಲಾ ಹಾಗೇ ಮಾಡ್ತಾರಂತೆ, ನಾಲಿಗೆ ತುದಿನ ಅಂಗುಳದ ಹಿಂದಕ್ಕೆ ತಾಗಿಸಿ ಹಾಗೇ ಬಾಯಿ ಮುಚ್ಚಿ ಅಂದಾಗ ಸರಿ ಜಾಗಕ್ಕೆ ಬಂತು. ಕಿವಿಗೆ ಎರಡು ಕಡ್ಡಿ ಸಿಗಿಸೋ ಒಂದು ಕಬ್ಬಿಣದ ಉಪಕರಣ ಕೂಡ ಹಾಕಿದ್ರು, ಮೇಲ್ದವಡೆ ಕೀಲಿಂದ ಎಷ್ಟು ದೂರ ಯಾವ ಕೋನದಲ್ಲಿದೆ ಅಂತ ಹಿಡಿದು ಲ್ಯಾಬಿನ ಮಷೀನಿಗೆ ಒಯ್ಯೋಕಂತೆ, ಆ ಮಷೀನು ಬಾಯಿ ತೆಗೆದು ಮುಚ್ಚೋ ಹಾಗೇ ಆಡುತ್ತೆ. ಅಮ್ಮ ಅದನ್ನ ನೋಡಿ ಗಾಬರಿ ಆಗಿ ನಂಗೆ ಚಿವುಟಿದ್ರು.

ಹಲ್ಲಿನ ಬಣ್ಣ ಆರಿಸೋ ದಿನ ಜಗಳ. ಅಪ್ಪಂಗೆ ಮಲ್ಲಿಗೆ ಬಿಳುಪು ಬೇಕು. ಹುಡುಗಿ ಬಣ್ಣದ ಸಾಲು ಹಿಡಿದು ಎ3 ಅನ್ನೋದು, ಸ್ವಲ್ಪ ಹಳದಿ ಕಡೆದು, ವಯಸ್ಸಿಗೆ ಮೈಬಣ್ಣಕ್ಕೆ ಒಪ್ಪುತ್ತೆ ಅಂದ್ಲು. "ದುಡ್ಡು ಕೊಟ್ಟು ಹಳದಿ ಹಲ್ಲು ತಗಳ್ಳಾ?" ಕೊನೆಗೆ ಎ2ಗೆ ರಾಜಿ ಆಯ್ತು. ಹಳೇ ಫೋಟೋ ಇದ್ರೆ ತನ್ನಿ ಅಂತ ಮೊದಲೇ ಹೇಳಿದ್ರು, ಡಿಪೋ ಮುಂದೆ ಖಾಕಿ ಹಾಕ್ಕೊಂಡು ನಗ್ತಾ ನಿಂತಿರೋ ಒಂದು ಫೋಟೋ ಒಯ್ದಿದ್ವಿ. ಅದರಲ್ಲಿ ಅಪ್ಪನ ಮುಂದಿನ ಎರಡು ಹಲ್ಲಿನ ಮಧ್ಯೆ ಸಂದಿ ಇದೆ. ಸಂದಿ ಇಡ್ಲಾ ಬೇಡ್ವಾ ಅಂತ ಕೇಳಿದ್ಲು. ಅಪ್ಪ ಬೇಡ ಅನ್ನೋಕೆ ಹೋದ್ರು, ಅಮ್ಮ ಅಷ್ಟು ದಿನ ಒಂದು ಮಾತೂ ಆಡದೆ ಮೂಲೇಲಿ ಕೂತಿದ್ದವರು ಎದ್ದು ಬಂದು, "ಇಡವ್ವ ನೀನು, ಸಂದಿ ಇಲ್ದಿದ್ರೆ ಇವರು ಯಾರೋ ಅನ್ನಿಸ್ತೈತಿ ನಂಗೆ" ಅಂದ್ರು. ಇಟ್ರು, ತೀರಾ ಸಣ್ಣದಾಗಿ. ಆ ಕ್ಲಿನಿಕ್ಕಿನ ಸೆಟ್ಟಲ್ಲಿ ಹಲ್ಲು ಬಾಚಣಿಗೆ ಥರ ಒಂದೇ ಸಮ ಇದ್ವು, ನೋಡಿದ ತಕ್ಷಣ ಸೆಟ್ ಅಂತ ಗೊತ್ತಾಗೋದು. ಇದರಲ್ಲಿ ಒಂದೆರಡು ಹಲ್ಲು ಒಂಚೂರು ವಾರೆ ತಿರುಗಿಸಿದಾರೆ, ಬೇಕಂತಲೇ.

ಟ್ರಯಲ್ ದಿನ ನಂಗೆ ಬಹಳ ಇಷ್ಟ ಆಯ್ತು. ಹಲ್ಲೆಲ್ಲಾ ಮೇಣದಲ್ಲಿ ಜೋಡಿಸಿ ಬಾಯಿಗೆ ಹಾಕಿ ಕನ್ನಡಿ ಕೈಗೆ ಕೊಡ್ತಾರೆ, ಏನೇ ಬದಲಾವಣೆ ಇದ್ರೂ ಇವತ್ತೇ ಹೇಳ್ಬೇಕು, ನಾಳೆ ಮೇಣ ಹೋಗಿ ಅಕ್ರಿಲಿಕ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಬಂದ್ಮೇಲೆ ಕಷ್ಟ. ಮಾತಾಡಿಸಿ ನೋಡ್ತಾರೆ, ಫ ವ ಅನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ಹಗುರಾಗಿ ತಾಗ್ಬೇಕು, ಸ ಅನ್ನುವಾಗ ಮೇಲಿಂದು ಕೆಳಗಿಂದು ಹತ್ರ ಬರ್ಬೇಕು ಆದ್ರೆ ಡಿಕ್ಕಿ ಹೊಡೀಬಾರ್ದು. ಸ ಬರ್ಲಿ ಅಂತ ಹುಡುಗಿ ಇಂಗ್ಲಿಷಲ್ಲಿ ಸಿಕ್ಸ್ಟಿಯಿಂದ ಎಣಿಸಿ ಅಂದ್ಲು. ಅಪ್ಪ ಎಣಿಸ್ಲಿಲ್ಲ. ಸೀಟಲ್ಲಿ ನೆಟ್ಟಗೆ ಕೂತು "ಹರಿಹರ, ರಾಣೆಬೆನ್ನೂರು, ಹಾವೇರಿ, ಬಂಕಾಪುರ, ಶಿಗ್ಗಾವಿ, ಹುಬ್ಬಳ್ಳೀ" ಅಂತ ಶುರು ಮಾಡಿದ್ರು, ಆಮೇಲೆ ಚಿಲ್ಲರೆ ಕೇಳಿದ್ರು. ಪಕ್ಕದ ಚೇರಲ್ಲಿ ಬಾಯಿ ತೆಕ್ಕೊಂಡಿದ್ದ ಅಜ್ಜಿ ನಕ್ಕು ಅವರ ಅಳತೆ ಕೆಟ್ಟೋಯ್ತು. ತಮಾಷೆ ಬಿಡಿ, ಶಿಗ್ಗಾವಿ ಅನ್ನುವಾಗ ಸೀಟಿ ಬರ್ತಿತ್ತು, ಮೇಡಂ ಅದನ್ನ ಹಿಡಿದು ಮುಂದಿನ ಹಲ್ಲಿನ ಹಿಂದುಗಡೆ ಮೇಣ ಸ್ವಲ್ಪ ಸರಿಮಾಡಿಸಿದ್ರು, ಹೋಯ್ತು. ಆ ಅಜ್ಜಿ ಚನ್ನಗಿರಿ ಕಡೆಯವರು, ಬಿಪಿಎಲ್ ಕಾರ್ಡ್ ಇರೋ ಹಿರಿಯರಿಗೆ ಸರ್ಕಾರದ್ದು ದಂತ ಭಾಗ್ಯ ಅಂತ ಯೋಜನೆ ಇದೆ, ಪುಕ್ಕಟೆ ಹಲ್ಲು ಸೆಟ್, ಅದರಲ್ಲಿ ಬಂದಿದ್ರು. ನಿಮ್ಮಲ್ಲಿ ಕಾರ್ಡ್ ಇದ್ರೆ ಓಪಿಡಿ ಚೀಟಿ ಮಾಡಿಸುವಾಗಲೇ ಕೇಳಿ. ಅಪ್ಪಂಗೆ ಪೆನ್ಷನ್ ಇದೆ, ನಾವು ದುಡ್ಡು ಕೊಟ್ಟಿದ್ದು ಎಲ್ಲಾ ಸೇರಿ 3,600.

ಲ್ಯಾಬ್ ಬಗ್ಗೆ ಒಂದು ಮಾತು. ಅಪ್ಪ ಬಾಗಿಲಲ್ಲಿ ಇಣುಕಿ ಇಣುಕಿ ಕೊನೆಗೆ ಅಲ್ಲಿನ ಟೆಕ್ನಿಷಿಯನ್ ಒಳಗೇ ಕರೆದ್ರು. ಪ್ಲಾಸ್ಟರ್ ತುಂಬಿದ ಹಿತ್ತಾಳೆ ಡಬ್ಬಿ, ಅದರೊಳಗೆ ಮೇಣ ಕರಗಿಸಿ ತೆಗೆದು ಆ ಜಾಗಕ್ಕೆ ಗುಲಾಬಿ ಅಕ್ರಿಲಿಕ್ ಹಿಟ್ಟು ನಾದಿ ತುಂಬಿ ಪ್ರೆಸ್ ಮಾಡಿ, 74 ಡಿಗ್ರಿ ನೀರಲ್ಲಿ ರಾತ್ರಿಪೂರ್ತಿ, ಎಂಟೊಂಬತ್ತು ಗಂಟೆ ಇಡ್ತಾರೆ. ಬೇಗ ಆಗ್ಲಿ ಅಂತ ಶುರುವಿಗೇ ಕುದಿಸಿಬಿಟ್ರೆ ಒಳಗಿನ ದ್ರವ ಕುದ್ದು ಗುಳ್ಳೆ ಗುಳ್ಳೆ ಆಗುತ್ತೆ, ಗಟ್ಟಿನೂ ಇರಲ್ಲ, ಕೊಳೆನೂ ಕೂರುತ್ತೆ. 1930ರ ದಶಕದ ಕೊನೆಯಿಂದ ಇದೇ ಅಕ್ರಿಲಿಕ್ಕೇ ನಡೀತಿದೆಯಂತೆ, ಅದಕ್ಕೆ ಮುಂಚೆ ರಬ್ಬರ್ ಗಟ್ಟಿ ಮಾಡಿ ಕಂದುಗೆಂಪು ಸೆಟ್ ಮಾಡ್ತಿದ್ರು. ಬೇಯಿಸಿದ ಮೇಲೆ ಡಬ್ಬಿ ತಾನಾಗೇ ಆರ್ಬೇಕು, ಬಿಸಿಬಿಸಿ ತೆಗೆದ್ರೆ ಸೊಟ್ಟ ಆಗುತ್ತೆ. ಅಪ್ಪ ಮನೆಗೆ ಬಂದು ಅಮ್ಮಂಗೆ ವರದಿ ಕೊಟ್ಟಿದ್ದು, "ಇಡ್ಲಿ ಮಾಡಿದಂಗೇ ಕಣೇ, ಆದ್ರೆ ಇವರಿಗೆ ನಿನಗಿಂತ ಸಮಾಧಾನ ಜಾಸ್ತಿ".

ಸೆಟ್ ಕೈಗೆ ಬಂದ ದಿನ ಎಲ್ಲಾ ಮುಗೀತು ಅಂದ್ಕೋಬೇಡಿ. ಒಳಗೆ ಬಿಳಿ ಪೇಸ್ಟ್ ಹಚ್ಚಿ ಹಾಕಿ ತೆಗೆದು ಎಲ್ಲಿ ಒತ್ತುತ್ತೆ ಅಂತ ನೋಡಿ ಉಜ್ಜಿದ್ರು, ನೀಲಿ ಪೇಪರ್ ಕಚ್ಚಿಸಿ ಎಲ್ಲಿ ಮೊದಲು ತಾಗುತ್ತೆ ನೋಡಿ ಉಜ್ಜಿದ್ರು. ಮರುದಿನ ಬನ್ನಿ, ಮೂರು ದಿನ ಬಿಟ್ಟು ಬನ್ನಿ, ವಾರ ಬಿಟ್ಟು ಬನ್ನಿ. ಮೂರನೇ ದಿನ ಎಡಗಡೆ ನಾಲಿಗೆ ಪಕ್ಕ ಸಣ್ಣ ಹುಣ್ಣು ಬಂದೇ ಬಂತು, ಅಪ್ಪ ಸೆಟ್ ಬಿಚ್ಚಿಟ್ಟು "ಇದೂ ಅದರ ಅಣ್ಣನೇ" ಅಂದ್ರು. ಇಲ್ಲೊಂದು ಮುಖ್ಯ ವಿಷ್ಯ, ಹುಣ್ಣಾಯ್ತು ಅಂತ ಬಿಚ್ಚಿಟ್ಟು ಬರೀ ಬಾಯಲ್ಲಿ ಹೋಗ್ಬೇಡಿ, ಹೋಗೋ ಮುಂಚೆ ಒಂದು ದಿನನಾದ್ರೂ ಹಾಕ್ಕೊಂಡಿರಿ, ಇಲ್ಲಾಂದ್ರೆ ಎಲ್ಲಿ ಚುಚ್ಚುತ್ತೆ ಅನ್ನೋ ಗುರುತೇ ಸಿಗಲ್ಲ. ಎರಡು ಸಲ ಉಜ್ಜಿದ ಮೇಲೆ ಹೋಯ್ತು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ.

ತಿನ್ನೋ ಪಾಠನೂ ಮಾಡಿ ಕಳಿಸಿದ್ರು. ಮೊದಲ ವಾರ ಮೆತ್ತಗಿಂದು, ಸಣ್ಣ ಸಣ್ಣ ತುತ್ತು, ಎರಡೂ ಕಡೆ ಒಟ್ಟಿಗೆ ಅಗಿಬೇಕು, ಒಂದೇ ಕಡೆ ಅಗಿದ್ರೆ ಆ ಕಡೆ ಕೂತು ಈ ಕಡೆ ಏಳುತ್ತೆ. ಮುಂದಿನ ಹಲ್ಲಲ್ಲಿ ಕಚ್ಚಿ ಹರಿಯೋದು ಬೇಡ, ಅಂದ್ರೆ ಜೋಳ, ಕಬ್ಬು, ಇಡೀ ಸೀಬೆಹಣ್ಣು ಇದೆಲ್ಲಾ ಮರ್ತುಬಿಡಿ. ಹೊಸದರಲ್ಲಿ ಜೊಲ್ಲು ಜಾಸ್ತಿ ಬರುತ್ತೆ, ಬಾಯಿಗೆ ಅದು ಊಟ ಅನ್ಸುತ್ತಂತೆ. ಸರಿಯಾಗಿ ಹೊಂದ್ಕೊಳ್ಳೋಕೆ ಆರೆಂಟು ವಾರ, ಹೊಂದಿದ ಮೇಲೂ ಸ್ವಂತ ಹಲ್ಲಿನ ಅಗಿಯೋ ಶಕ್ತಿಲಿ ಕಾಲುಭಾಗ ಸಿಕ್ರೆ ಹೆಚ್ಚು. ಆ ಕ್ಲಿನಿಕ್ಕಿನವರು ಅಭ್ಯಾಸ ಆಗುತ್ತೆ ಅಂದಿದ್ದು ಪೂರ್ತಿ ಸುಳ್ಳಲ್ಲ ನೋಡಿ, ಅಭ್ಯಾಸ ಆಗ್ಲೇಬೇಕು, ಆದ್ರೆ ಅದು ಸರಿಯಾಗಿ ಕೂತ ಸೆಟ್ಟಿಗೆ. ಅಪ್ಪ ಪೇಪರ್ ಜೋರಾಗಿ ಓದೋಕೆ ಶುರು ಮಾಡಿದ್ರು, ಮಾತು ಸರಿ ಹೋಗ್ಲಿ ಅಂತ ಅವರೇ ಹೇಳಿಕೊಟ್ಟಿದ್ದು, ಬೆಳಿಗ್ಗೆ ಆರಕ್ಕೆ ನಿಧನವಾರ್ತೆಯಿಂದ ಶುರು, ಇಡೀ ಮನೆ ಏಳೋದು.

ರಾತ್ರಿ ಬಿಚ್ಚಿ ನೀರಲ್ಲಿ ಹಾಕಿಡ್ಬೇಕು, ಒಣಗೋಕೆ ಬಿಡಬಾರ್ದು, ಬಿಸಿನೀರು ಅಂತೂ ಮುಟ್ಟಿಸ್ಬೇಡಿ, ಸೊಟ್ಟ ಆಗುತ್ತೆ. ಹಾಕ್ಕೊಂಡೇ ಮಲಗಿದ್ರೆ ಅಂಗುಳ ಕೆಂಪಾಗಿ ಫಂಗಸ್ ಬರುತ್ತೆ, ಶುಗರ್ ಇದ್ದೋರಿಗೆ ಇನ್ನೂ ಬೇಗ. ಟೂತ್‌ಪೇಸ್ಟ್ ಬೇಡ, ಅದರಲ್ಲಿರೋ ಪುಡಿ ಅಕ್ರಿಲಿಕ್ಕನ್ನ ಗೀಚುತ್ತೆ, ಮೆತ್ತನೆ ಬ್ರಷ್ಷು ಸೋಪು ಸಾಕು. ಕ್ಲಿನ್ಸೊಡೆಂಟ್ ಥರದ ಮಾತ್ರೆ ಮೆಡಿಕಲ್ ಶಾಪಲ್ಲಿ ಸಿಗುತ್ತೆ, ನಾವು ವಾರಕ್ಕೆರಡು ಸಲ ಹಾಕ್ತೀವಿ, ಎಲೆ ಅಡಿಕೆ ಕಲೆ ಪೂರ್ತಿ ಹೋಗಲ್ಲ, ಅದು ಅಪ್ಪನ ತಪ್ಪು, ಮಾತ್ರೆದಲ್ಲ. ಅಂಟು ಬಗ್ಗೆ ಕೇಳಿದ್ದಕ್ಕೆ, ಸರಿ ಕೂತಿರೋ ಸೆಟ್ಟಿಗೆ ಮದುವೆ ಮುಂಜಿಗೆ ಹೋಗುವಾಗ ಕಡಲೆಕಾಳಷ್ಟು ಹಚ್ಚಿದ್ರೆ ಪರವಾಗಿಲ್ಲ, ಸಡಿಲ ಸೆಟ್ಟನ್ನ ಅಂಟಲ್ಲಿ ಓಡಿಸೋದು ಬೇಡ, ಬಂದು ಒಳಗೆ ಹೊಸ ಪದರ ಹಾಕಿಸ್ಕೊಳ್ಳಿ ಅಂದ್ರು.

ಈಗಿನ ಸ್ಥಿತಿ, ಐದು ತಿಂಗಳಾಯ್ತು. ಮೇಲಿಂದು ಸೂಪರ್, ಅಪ್ಪ ಸೀನಿದ್ರೂ ಅಲ್ಲಾಡಲ್ಲ. ಕೆಳಗಿಂದು ಮೇಡಂ ಹೇಳಿದಂಗೇ, ಮಾತಾಡುವಾಗ ಓಕೆ, ಜೋಳದ ರೊಟ್ಟಿ ಕಟಕಲು ಆಗಲ್ಲ, ಮೆತ್ತನೆ ರೊಟ್ಟಿ ಆಗುತ್ತೆ, ಚಕ್ಕುಲಿ ಮುರಿದು ಹಿಂದಕ್ಕೆ ಇಟ್ಕೊಂಡ್ರೆ ಆಗುತ್ತೆ. ಮಂಡಕ್ಕಿ? ಒಗ್ಗರಣೆ ಹಾಕಿದ್ದು ಆರಾಮಾಗಿ ತಿಂತಾರೆ. ನರ್ಗೀಸ್ ಮಂಡಕ್ಕಿ ಮಾತ್ರ ಖಾರದ ಪುಡಿ ಸೆಟ್ ಕೆಳಗೆ ಸೇರ್ಕೊಂಡು ಕಣ್ಣಲ್ಲಿ ನೀರು ಬಂತು, ಆದ್ರೂ ಪ್ಲೇಟ್ ಖಾಲಿ ಮಾಡೇ ಎದ್ರು.

ಅಪ್ಡೇಟ್: ಇದನ್ನ ಬರೆದಿಟ್ಟು ಪೋಸ್ಟ್ ಮಾಡೋಷ್ಟರಲ್ಲಿ ಹೋದ ವಾರ ಮೇಲಿನ ಸೆಟ್ ವಾಶ್‌ಬೇಸಿನ್ನಲ್ಲಿ ಕೈಜಾರಿ ಬಿದ್ದು ನಟ್ಟನಡುವೆ ಎರಡು ಹೋಳು. ತೊಳೆಯುವಾಗ ಕೆಳಗೆ ನೀರು ತುಂಬಿದ ಬೋಸಿ ಇಟ್ಕೊಳ್ಳಿ ಅಂತ ಹೇಳಿಯೇ ಕಳಿಸಿದ್ರು, ಯಾರು ಕೇಳ್ತಾರೆ. ಅಪ್ಪ ನಂಗೆ ಹೇಳದೆ ಫೆವಿಕ್ವಿಕ್ ಹಾಕಿ ಅಂಟಿಸಿ, ಒಂದು ಕೂದಲೆಳೆ ಆಚೀಚೆ ಆಗಿ, ಅದನ್ನೇ ಹಾಕ್ಕೊಂಡು ಎರಡು ದಿನ ಓಡಾಡಿ ಅಂಗುಳ ಗೀಚಿಸ್ಕೊಂಡಿದಾರೆ. ಕಾಲೇಜಲ್ಲಿ ಟೆಕ್ನಿಷಿಯನ್ ತಲೆ ಚಚ್ಕೊಂಡ್ರು, ಹೋಳು ಹಾಗೇ ತಂದಿದ್ರೆ ಜೋಡಿಸಿ ಹಿಂದೆ ಪ್ಲಾಸ್ಟರ್ ಹೊಯ್ದು ಒಂದೇ ದಿನದಲ್ಲಿ ಹೊಸ ಅಕ್ರಿಲಿಕ್ ತುಂಬಿ ಕೊಡ್ತಿದ್ದೆ, ಈಗ ಈ ಗಮ್ ಕೆರೆದು ತೆಗೆದು ಅಂಚು ಕೂರಿಸ್ಬೇಕು ಅಂತ. ಮೂರು ದಿನ ಆಯ್ತು, 400 ರೂಪಾಯಿ. ಆ ಮೂರು ದಿನ ಅಪ್ಪ ಮನೆಯಿಂದ ಹೊರಗೇ ಹೋಗ್ಲಿಲ್ಲ, ನಾಲ್ಕು ವರ್ಷ ಬೊಚ್ಚುಬಾಯಲ್ಲೇ ಊರೆಲ್ಲಾ ಸುತ್ತಿದ ಮನುಷ್ಯ. ಫೆವಿಕ್ವಿಕ್ ಟ್ಯೂಬನ್ನ ಅಮ್ಮ ಈಗ ಬೀರುವಿನಲ್ಲಿ ಹಳೇ ಸೆಟ್ಟಿನ ಟವೆಲ್ ಒಳಗೇ ಸುತ್ತಿಟ್ಟು ಕೀಲಿ ಸೆರಗಿಗೆ ಕಟ್ಕೊಂಡಿದಾರೆ.